ಮುಳ್ಳುತಂತಿಯೊಳಗಿನ ‘ನಮ್ಮ ಪ್ರಪಂಚ’

ಪಾಠಶಾಲೆಗಳ ವಾರ್ಷಿಕ ಸಂಚಿಕೆಗಳನ್ನು ವಿಮರ್ಶಕರು ಸಾಮಾನ್ಯವಾಗಿ ಕಣ್ಣೆತ್ತಿ ನೋಡುವುದಿಲ್ಲ. ಅದು ತಪ್ಪೆಂದು ಹೇಳುವಂತೆಯೂ ಇಲ್ಲ. ಉಪಾಧ್ಯಾಯವರ್ಗದ ಒಂದು ಭಾವಚಿತ್ರ, ವಿದ್ಯಾರ್ಥಿ ಸಂಘದ ಪದಾಧಿಕಾರಿಗಳದೊಂದು, ಆಟದ ತಂಡಗಳು, ನಾಟಕದ ಪಾತ್ರವರ್ಗ, ಶಾಲೆಯನ್ನು ಬಿಟ್ಟು ಹೊರಡುವವರ ಹೆಸರುಗಳು: ಇಷ್ಟಾದರೆ ಸಂಚಿಕೆ ಮುಗಿಯಿತು. ಊರು ಬದಲಾದರೂ ಪುಟಗಳು ಬದಲಾಗುವುದಿಲ್ಲ. ಆದರೆ ಎಲ್ಲ ಸಂಚಿಕೆಗಳಂತೆಯೇ ತಾನೂ ಇರಬೇಕೆಂದು ಪ್ರಯತ್ನಪಟ್ಟದ್ದರಿಂದಲೇ ಎಲ್ಲವುಗಳಿಂದಲೂ ಬೇರೆಯಾಗಿ ನಿಂತ ಸಂಚಿಕೆಯೊಂದುಂಟು. ಅಮೆರಿಕಾ ದೇಶದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ಮಾಂಜನಾರ್ ಹೈಸ್ಕೂಲಿನ ವಿದ್ಯಾರ್ಥಿಗಳು 1943-44ನೆಯ ಸಾಲಿನಲ್ಲಿ ಹೊರತಂದ ಆ ಸಂಚಿಕೆಗೆ ‘ಅವರ್ ವರ್ಲ್ಡ್’, ಎಂದರೆ ‘ನಮ್ಮ ಪ್ರಪಂಚ’, ಎಂದು ಹೆಸರು. ಶ್ರೀಮತಿ ಜೀನ್ ವಾಕತ್ಸುಕಿ ಹ್ಯೂಸ್ಟನ್ನರು ತಮ್ಮ ಪತಿ ಜೇಮ್ಸ್ ಹ್ಯೂಸ್ಟನ್ನರೊಡನೆ ಬರೆದು 1973ರಲ್ಲಿ ಪ್ರಕಟಿಸಿದ ‘ಫೇರ್‌ವೆಲ್ ಟು ಮಾಂಜನಾರ್’ ಎಂಬ ಆತ್ಮಕಥನದ ಒಂದು ಅಧ್ಯಾಯದಲ್ಲಿ ಈ ಸಂಚಿಕೆಯ ಪುಟಗಳನ್ನು ತೆರೆದು ತೋರಿಸಿದ್ದಾರೆ. ಎರಡನ್ನೂ ಒಟ್ಟಿಗಿಟ್ಟು ನೋಡಿದವರಿಗೆ ಒಂದು ಪ್ರಶ್ನೆ ಏಳದೆ ಇರದು. ಅನ್ಯಾಯದ ನಡುವೆ ಕುಳಿತು ನಿತ್ಯಜೀವನದ ಸಂತೋಷವನ್ನು ಚಿತ್ರಿಸುವುದು ಸತ್ಯವೋ, ಆತ್ಮವಂಚನೆಯೋ?

ಮಾಂಜನಾರ್ ಊರಲ್ಲ, ಸೆರೆ. 1941ನೆಯ ಡಿಸೆಂಬರ್ 7ರಂದು ಜಪಾನು ಪರ್ಲ್ ಹಾರ್ಬರಿನ ಮೇಲೆ ಬಾಂಬುಗಳ ಮಳೆಗರೆಯಿತು. 1942ನೆಯ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟರು 9066ನೆಯ ಆಜ್ಞೆಗೆ ಸಹಿ ಮಾಡಿದರು. ಅದರ ಬಲದಿಂದ ಪಶ್ಚಿಮ ಕರಾವಳಿಯಲ್ಲಿದ್ದ ಜಪಾನೀ ವಂಶದ ಸುಮಾರು 1,20,000 ಜನರನ್ನು ಮನೆಮಠಗಳಿಂದ ಎಬ್ಬಿಸಿ ಹತ್ತು ಶಿಬಿರಗಳಿಗೆ ಸಾಗಿಸಲಾಯಿತು. ಆಪಾದನೆಯಿಲ್ಲ, ವಿಚಾರಣೆಯಿಲ್ಲ. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕಾದಲ್ಲಿಯೇ ಹುಟ್ಟಿದ ಪ್ರಜೆಗಳು. ಸಿಯೆರ್ರಾ ನೆವಾಡಾ ಪರ್ವತಗಳ ಬುಡದಲ್ಲಿ, ಓವೆನ್ಸ್ ಕಣಿವೆಯ ಮರಳುಗಾಡಿನಲ್ಲಿದ್ದ ಮಾಂಜನಾರ್ ಶಿಬಿರದಲ್ಲಿ ಹತ್ತು ಸಾವಿರ ಜನರಿದ್ದರು. ಮರದ ಹಲಗೆಗೆ ಟಾರುಕಾಗದ ಹೊದಿಸಿದ ಸಾಲುಮನೆಗಳು, ಸುತ್ತಲೂ ಮುಳ್ಳುತಂತಿ, ಎಂಟು ಕಾವಲುಗೋಪುರಗಳು, ಅವುಗಳ ಮೇಲೆ ಬಂದೂಕು ಹಿಡಿದ ಸಿಪಾಯಿಗಳು. 1942ರ ಶರತ್ಕಾಲದಲ್ಲಿ ಪಾಠಗಳು ಪ್ರಾರಂಭವಾದಾಗ ಮಕ್ಕಳಿಗೆ ಮೇಜುಕುರ್ಚಿಗಳಿರಲಿಲ್ಲ, ನೆಲವೇ ಆಸನ. ಆ ವರ್ಷದ ಡಿಸೆಂಬರ್ 6ರಂದು ಶಿಬಿರದಲ್ಲಿ ದೊಂಬಿಯೆದ್ದು, ಸೈನಿಕರ ಗುಂಡಿಗೆ ಇಬ್ಬರು ಬಲಿಯಾದರು. 1943ರ ಆದಿಯಲ್ಲಿ ಹದಿನೇಳು ತುಂಬಿದವರೆಲ್ಲರೂ ತಮ್ಮ ರಾಜನಿಷ್ಠೆಯನ್ನು ಬರಹದಲ್ಲಿ ತಿಳಿಸಬೇಕೆಂಬ ಪ್ರಶ್ನಾವಳಿ ಬಂತು. ಹೈಸ್ಕೂಲಿನ ಮೇಲಿನ ತರಗತಿಯ ಮಕ್ಕಳೂ ಇದಕ್ಕೆ ಉತ್ತರ ಬರೆಯಬೇಕಾಯಿತು. ‘ನಮ್ಮ ಪ್ರಪಂಚ’ ಹುಟ್ಟಿದ್ದು ಇಷ್ಟೆಲ್ಲ ಆದ ಮೇಲೆ.

ಇಷ್ಟನ್ನು ತಿಳಿದು ಸಂಚಿಕೆಯನ್ನು ತೆರೆದ ವಾಚಕನು ರೋದನವನ್ನು ನಿರೀಕ್ಷಿಸುತ್ತಾನೆ. ಅಲ್ಲಿ ಕಾಣುವುದಾದರೋ ಚುನಾಯಿತ ವಿದ್ಯಾರ್ಥಿ ಪ್ರತಿನಿಧಿಗಳು, ಸಂಘಗಳು, ಕ್ರೀಡೆ, ಸಂಗೀತ, ನಗುಮೊಗಗಳು. ಮೇಲಿನ ತರಗತಿಯವರು ಆಡಿದ ನಾಟಕ ‘ಗ್ರೋಯಿಂಗ್ ಪೇನ್ಸ್’. ಮ್ಯಾಕಿಂಟೈರ್ ಎಂಬ ಬಿಳಿಯರ ಸಂಸಾರದಲ್ಲಿ ಹುಡುಗ ಹುಡುಗಿಯರು ಪ್ರಾಯಕ್ಕೆ ಬರುವಾಗಿನ ಸಣ್ಣ ಪುಟ್ಟ ತೊಡಕುಗಳೇ ಅದರ ವಸ್ತು. ಪಾತ್ರಗಳ ಹೆಸರೆಲ್ಲ ಮ್ಯಾಕಿಂಟೈರ್ ಮನೆತನದವು. ಪಾತ್ರಧಾರಿಗಳ ಹೆಸರೆಲ್ಲ ಜಪಾನೀ ಹೆಸರುಗಳು. ಶ್ರೀಮತಿ ಹ್ಯೂಸ್ಟನ್ನರು ಈ ಎರಡು ಪಟ್ಟಿಗಳನ್ನು ಎದುರುಬದುರಾಗಿಟ್ಟು ವ್ಯಾಖ್ಯಾನಕ್ಕೆ ಹೋಗದೆ ಮುಂದೆ ನಡೆಯುತ್ತಾರೆ. ಸಂಯಮವೆಂದರೆ ಇದು.

ಇದನ್ನೆಲ್ಲ ನೋಡಿ ಸಿಟ್ಟಾಗುವವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸೆರೆಯವರು ಸುಖವಾಗಿದ್ದಾರೆಂದು ಲೋಕಕ್ಕೆ ತೋರಿಸುವುದು ಸೆರೆಯಿಟ್ಟವರಿಗೆ ಬೇಕಾಗಿಯೇ ಇತ್ತು. ಹಾಗಾದರೆ ಈ ಮಕ್ಕಳು ತಿಳಿಯದೆ ತಮ್ಮ ಸೆರೆಗೆ ತಾವೇ ತೋರಣ ಕಟ್ಟಿದರೆ?

ಇದಕ್ಕೆ ಉತ್ತರವನ್ನು ಆತ್ಮಕಥನದ ಸಣ್ಣದೊಂದು ಪ್ರಸಂಗದಲ್ಲಿ ಹುಡುಕಬಹುದು. ಶಿಬಿರದ ತರುಣರು ‘ಜೈವ್ ಬಾಂಬರ್ಸ್’ ಎಂಬ ವಾದ್ಯಗೋಷ್ಠಿಯನ್ನು ಕಟ್ಟಿಕೊಂಡಿದ್ದರು. ಲೇಖಕಿಯ ಅಣ್ಣನೊಬ್ಬನೂ ಅದರಲ್ಲಿದ್ದನು. ತನಗೆ ಬೇಲಿ ಹಾಕಬೇಡಿರೆಂಬ ಅರ್ಥದ ‘ಡೋಂಟ್ ಫೆನ್ಸ್ ಮಿ ಇನ್’ ಎಂಬ ಹಾಡನ್ನು ಅವರು ಹಾಡುತ್ತಿದ್ದರು. ಬೇಲಿಯೊಳಗಿನವರು ಇದನ್ನು ಹಾಡಿದರೆ ಅದು ಅಧಿಕಾರಿಗಳಿಗೆ ಹಾಕಿದ ಚುಚ್ಚುಮಾತೆಂದು ಯಾರಾದರೂ ಭಾವಿಸಿಯಾರು. ಲೇಖಕಿ ಹಾಗಲ್ಲವೆನ್ನುತ್ತಾರೆ. ಆ ವರ್ಷ ಎಲ್ಲರ ಬಾಯಲ್ಲಿದ್ದ ಹಾಡು ಅದು. ದೇಶದ ಇತರ ತರುಣರಂತೆ ತಾವೂ ಹಾಡಬೇಕೆಂದು ಇವರು ಹಾಡಿದರು, ಅಷ್ಟೆ.

ಈ ಪ್ರಾಮಾಣಿಕತೆ ಅಪೂರ್ವವಾದುದು. ನಲವತ್ತರ ಸಮೀಪದ ಲೇಖಕಿ ತನ್ನ ಅಣ್ಣಂದಿರನ್ನು ಹಿಂದಿನಿಂದ ವೀರರನ್ನಾಗಿ ಮಾಡಬಹುದಾಗಿತ್ತು, ಮಾಡಲಿಲ್ಲ. ಹಾಗೆಂದು ಹಾಡಿನ ಕುಟುಕು ಮಾಯವಾಯಿತೆ? ಇಲ್ಲ. ಮಾತಿನ ವ್ಯಂಗ್ಯಾರ್ಥವು ಆಡುವವನ ವೈಶಿಷ್ಟ್ಯದಿಂದ ಹುಟ್ಟುವಂತೆಯೇ ದೇಶ, ಕಾಲ, ಪ್ರಕರಣಗಳ ವೈಶಿಷ್ಟ್ಯದಿಂದಲೂ ಹುಟ್ಟುತ್ತದೆಂದು ನಮ್ಮ ಆಲಂಕಾರಿಕರು ಹೇಳಿದ್ದಾರೆ. ಹಾಡಿದವನು ಧ್ವನಿಯನ್ನು ಬಯಸದಿದ್ದರೂ ಸ್ಥಳ ಅದನ್ನು ಹೊರಡಿಸುತ್ತದೆ. ‘ನಮ್ಮ ಪ್ರಪಂಚ’ದ ಧ್ವನಿಯೂ ಇಂಥದೇ. ಬೇರೆ ಊರಿನ ಸಂಚಿಕೆಯಲ್ಲಿ ವಿದ್ಯಾರ್ಥಿ ಸಂಘದ ಅಧ್ಯಕ್ಷನ ಚಿತ್ರ ಬರಿಯ ಚಿತ್ರ. ಇಲ್ಲಿ ಅದು ಒಂದು ಹಕ್ಕುಪತ್ರ. ತಾವೂ ಈ ದೇಶದ ಮಕ್ಕಳೇ ಎಂಬ ವಾಕ್ಯವನ್ನು ಬರೆಯದೆಯೇ ಪುಟಪುಟದಲ್ಲಿಯೂ ಹೇಳಿದಂತಾಗಿದೆ. ಆದುದರಿಂದ ಇದನ್ನು ಆತ್ಮವಂಚನೆಯೆನ್ನುವುದು ಸರಿಯಾಗದು.

ವಿದ್ಯಾರ್ಥಿ ಚುನಾವಣೆಗಳ ವಿಷಯದಲ್ಲಿ ಈ ಧ್ವನಿ ಮತ್ತಷ್ಟು ತೀಕ್ಷ್ಣವಾಗುತ್ತದೆ. ಜಪಾನಿನಲ್ಲಿ ಹುಟ್ಟಿ ಅಮೆರಿಕಾಕ್ಕೆ ಬಂದ ಹಿರಿಯರಿಗೆ ಆ ದೇಶದ ಪ್ರಜೆಗಳಾಗುವ ಅವಕಾಶವನ್ನೇ ಕಾನೂನು ಕೊಟ್ಟಿರಲಿಲ್ಲ. ಅದು ದೊರೆತದ್ದು 1952ರಲ್ಲಿ. ಶಿಬಿರಗಳ ಆಡಳಿತದಲ್ಲಿ ಚುನಾಯಿತ ಸ್ಥಾನಗಳು ಪ್ರಜೆಗಳಿಗೆ ಮಾತ್ರವೆಂದು ಸರ್ಕಾರ 1942ರಲ್ಲಿ ವಿಧಿಸಿದ್ದರಿಂದ ಅಲ್ಲಿಯೂ ಅವರಿಗೆ ಮೊದಲು ಎಡೆಯಿರಲಿಲ್ಲ. ಮಗ ಶಾಲೆಯಲ್ಲಿ ಮತಪತ್ರವನ್ನು ಹಿಡಿದು ಪ್ರಜಾಪ್ರಭುತ್ವವನ್ನು ಅಭ್ಯಾಸಮಾಡುತ್ತಿದ್ದಾಗ ತಂದೆ ಸಾಲುಮನೆಯಲ್ಲಿ ಮತವಿಲ್ಲದೆ ಕುಳಿತಿದ್ದನು. ಆತ್ಮಕಥನದ ತಂದೆಯ ಪಾತ್ರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ದೋಣಿಯ ಒಡೆಯನಾಗಿದ್ದ ಆ ಅಭಿಮಾನಿ ಬೆಸ್ತನು ಶಿಬಿರದಲ್ಲಿ ಕುಡಿತಕ್ಕೆ ಬಿದ್ದು ಮನೆಯ ಮೇಲಿನ ಹಿಡಿತವನ್ನು ಕಳೆದುಕೊಳ್ಳುವ ಚಿತ್ರ ಗ್ರಂಥದ ಶ್ರೇಷ್ಠ ಭಾಗ.

ಗ್ರಂಥದಲ್ಲಿ ಕೊರತೆಗಳಿಲ್ಲವೆಂದಲ್ಲ. ಶಿಬಿರವನ್ನು ಸೇರಿದಾಗ ಲೇಖಕಿಗೆ ಏಳು ವರ್ಷ. ಹೈಸ್ಕೂಲಿನ ಜೀವನವನ್ನು ಆಕೆ ಒಳಗಿನಿಂದ ಬಲ್ಲವರಲ್ಲ. ಸಂಚಿಕೆಯ ಮೂಲಕವೂ ಅಣ್ಣ ಅಕ್ಕಂದಿರ ಮೂಲಕವೂ ಬಲ್ಲರು. ಆದುದರಿಂದ ಉಪಾಧ್ಯಾಯವರ್ಗದ ಚಿತ್ರ ತೆಳುವಾಗಿದೆ. ಹೊರಗಿನಿಂದ ಬಂದು ಆ ಧೂಳಿನಲ್ಲಿ ಪಾಠ ಹೇಳಿದ ಬಿಳಿಯ ಉಪಾಧ್ಯಾಯರಿಗೆ ಸರ್ಕಾರದ ಪೂರ್ಣ ಸಂಬಳ; ಅದೇ ಕೊಠಡಿಯಲ್ಲಿ ಅವರಿಗೆ ನೆರವಾದ ಸೆರೆಯ ತರುಣ ತರುಣಿಯರಿಗೆ ತಿಂಗಳಿಗೆ ಹೆಚ್ಚೆಂದರೆ 19 ಡಾಲರು. ಗುರುಶಿಷ್ಯರ ನಡುವೆ ಸ್ನೇಹವೂ ಈ ತಾರತಮ್ಯವೂ ಒಟ್ಟಿಗೆ ಹೇಗೆ ಬಾಳಿದವೆಂಬುದನ್ನು ಗ್ರಂಥ ಬಿಡಿಸಿ ಹೇಳಿದ್ದರೆ ಅದರ ಬೆಲೆ ಇನ್ನೂ ಹೆಚ್ಚುತ್ತಿತ್ತು.

ಈ ಕೊರತೆಯನ್ನು ಗ್ರಂಥದ ಉತ್ತರಭಾಗ ಬಹುಮಟ್ಟಿಗೆ ತುಂಬಿಕೊಡುತ್ತದೆ. ಸೆರೆಯಿಂದ ಹೊರಬಂದ ಬಾಲಕಿ ಹೊಸ ಶಾಲೆಯಲ್ಲಿ ಪಾಠ ಓದಿದಾಗ, ಆಕೆಗೆ ಇಂಗ್ಲಿಷು ಬರುತ್ತದೆಂದು ಸಹಪಾಠಿಯೊಬ್ಬಳು ಆಶ್ಚರ್ಯಪಡುತ್ತಾಳೆ. ಇಂಗ್ಲಿಷೇ ಅವಳ ಮಾತೆಂಬುದು ಅವರಾರಿಗೂ ತೋರಲಿಲ್ಲ. ಮುಂದೆ ಹೈಸ್ಕೂಲಿನ ಕೊನೆಯ ವರ್ಷದಲ್ಲಿ ಸಹಪಾಠಿಗಳು ಆಕೆಯನ್ನು ಶಾಲೆಯ ಉತ್ಸವದ ರಾಣಿಯ ಸ್ಥಾನಕ್ಕೆ ಸೂಚಿಸುತ್ತಾರೆ. ವಿದ್ಯಾರ್ಥಿಗಳ ಮತ ಆಕೆಯ ಕಡೆಗಿತ್ತು. ಜಪಾನೀ ಹುಡುಗಿ ರಾಣಿಯಾದರೆ ಪೋಷಕರು ಏನೆಂದಾರೋ ಎಂದು ಹೆದರಿದ ಉಪಾಧ್ಯಾಯರು ಮತಪೆಟ್ಟಿಗೆಯಲ್ಲಿ ಕೈವಾಡ ನಡೆಸಹೊರಟರೆಂದೂ, ಗೆಳೆಯನೊಬ್ಬನು ಅದನ್ನು ಕೇಳಿಸಿಕೊಂಡು ಎದುರುನಿಂತು ತಡೆದನೆಂದೂ ಲೇಖಕಿ ಬರೆದಿದ್ದಾರೆ. ಬೇಲಿಯೊಳಗೆ ಮಕ್ಕಳು ನಂಬಿಕೆಯಿಟ್ಟು ಆಡಿದ ಪ್ರಜಾಪ್ರಭುತ್ವವು ಬೇಲಿಯ ಹೊರಗೆ ಪರೀಕ್ಷೆಗೆ ನಿಂತದ್ದು ಇಲ್ಲಿ. ಆ ಪರೀಕ್ಷೆಯಲ್ಲಿ ಪಾಠ ಹೇಳುವವರು ಸೋತರು, ಪಾಠ ಕಲಿಯುವವರು ಗೆದ್ದರು. ಕಿರೀಟ ಧರಿಸಿದ ಗಳಿಗೆಯಲ್ಲಿಯೂ ಹುಡುಗಿಗೆ ಪೂರ್ಣ ಸಂತೋಷವಿಲ್ಲ. ತಾನು ಯಾರ ಕಣ್ಣಿಗಾಗಿ ಯಾವ ವೇಷವನ್ನು ತೊಟ್ಟಿರುವೆನೆಂಬ ಶಂಕೆ ಅವಳನ್ನು ಕಾಡುತ್ತದೆ. ಮ್ಯಾಕಿಂಟೈರ್ ವೇಷದ ಆ ಹಳೆಯ ನಾಟಕ ಇಲ್ಲಿಗೆ ಬಂದು ಅರ್ಥಪೂರ್ಣವಾಗುತ್ತದೆ.

ಮಾಂಜನಾರ್ ಹೈಸ್ಕೂಲಿನ ಮುಂದಿನ ಸಂಚಿಕೆ 1945ರದು. ಹೆಸರು ‘ವ್ಯಾಲಿಡಿಕ್ಷನ್’, ಬೀಳ್ಕೊಡುಗೆ. ಅದರಲ್ಲಿ ಟೋಯೋ ಮಿಯಾತಾಕೆಯವರು ತೆಗೆದ ಚಿತ್ರವೊಂದಿದೆ. ಸೆರೆಯವರು ಕ್ಯಾಮೆರಾ ಇಟ್ಟುಕೊಳ್ಳಕೂಡದೆಂದಿದ್ದಾಗ ಮಸೂರವನ್ನು ಗುಟ್ಟಾಗಿ ಒಳಗೆ ತಂದು, ಮರದ ಪೆಟ್ಟಿಗೆಗೆ ಜೋಡಿಸಿ ಚಿತ್ರ ತೆಗೆದ ಕಲಾವಿದರು ಅವರು. ಈ ಚಿತ್ರದಲ್ಲಿ ಒಂದು ಕೈ, ಕೈಯಲ್ಲಿ ಇಕ್ಕಳ, ಇಕ್ಕಳದ ಬಾಯಲ್ಲಿ ಮುಳ್ಳುತಂತಿ, ಹಿಂದೆ ಕಾವಲುಗೋಪುರ. ಮೊದಲ ಸಂಚಿಕೆಯಲ್ಲಿ ಧ್ವನಿಯಾಗಿದ್ದುದು ಇಲ್ಲಿ ವಾಚ್ಯವಾಯಿತು. ಆ ವರ್ಷದ ನವೆಂಬರಿನಲ್ಲಿ ಶಿಬಿರ ಮುಚ್ಚಿತು. ಸರ್ಕಾರ ತಪ್ಪೊಪ್ಪಿಕೊಂಡು ಬದುಕುಳಿದವರಿಗೆ ತಲಾ 20,000 ಡಾಲರು ಪರಿಹಾರ ಕೊಡುವ ಕಾನೂನನ್ನು ಮಾಡುವ ವೇಳೆಗೆ 1988 ಬಂದಿತ್ತು. ಮತವಿಲ್ಲದೆ ಕುಳಿತಿದ್ದ ತಂದೆತಾಯಂದಿರಲ್ಲಿ ಬಹುಮಂದಿ ಅಷ್ಟರಲ್ಲಿ ಗತಿಸಿದ್ದರು. ಮಕ್ಕಳ ಸಂಚಿಕೆಗಳು ಮಾತ್ರ ಉಳಿದುಕೊಂಡಿವೆ. ಅವನ್ನು ಓದುವವರು ಮೊದಲು ಶ್ರೀಮತಿ ಹ್ಯೂಸ್ಟನ್ನರ ಗ್ರಂಥವನ್ನು ಓದಿಕೊಳ್ಳುವುದು ಉಚಿತ. ಆ ನಗುಮೊಗಗಳ ಬೆಲೆಯೇನೆಂಬುದು ಆಗ ತಿಳಿದೀತು.