ಕಸಿ ಕಡ್ಡಿಯ ಕುಲಗೋತ್ರ

ಶಿರಸಿ, ಸಿದ್ದಾಪುರ, ಸಾಗರಗಳ ಸೀಮೆಯಲ್ಲಿ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿಯನ್ನು ಮೆಚ್ಚದವರು ವಿರಳ. ಆದರೆ ಆ ಮಿಡಿ ಯಾವ ಮರದ್ದು, ಆ ಮರ ಯಾವ ಹೊಳೆಯ ದಡದಲ್ಲಿದೆ, ಅದರ ಸೊನೆಯ ಪರಿಮಳ ಜೀರಿಗೆಯದೋ ಕರ್ಪೂರದ್ದೋ ಎಂಬುದನ್ನು ನಿಶ್ಚಯವಾಗಿ ಹೇಳಬಲ್ಲವರು ಇನ್ನೂ ವಿರಳ. ಅಂತಹವರನ್ನು ಒಂದೇ ಸೂರಿನಡಿ ಕಾಣಬೇಕೆಂಬ ಅಪೇಕ್ಷೆಯುಳ್ಳವರು ಮುಂಗಾರು ಹಿಡಿದ ಮೇಲೆ ತೋಟಗಾರರು ಅಲ್ಲಲ್ಲಿ ಕೂಡಿ ನಡೆಸುವ ಕಸಿ ಕಡ್ಡಿಗಳ ವಿನಿಮಯಕ್ಕೆ ಹೋಗತಕ್ಕದ್ದು.

ನೋಟಕ್ಕೆ ಇದು ಬಡ ಸಮಾರಂಭವೇ ಸರಿ. ಫಲಪುಷ್ಪ ಪ್ರದರ್ಶನದ ವರ್ಣವೈಭವವಾಗಲಿ, ಬಹುಮಾನದ ಸಂಭ್ರಮವಾಗಲಿ ಇಲ್ಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿದ, ಪೆನ್ಸಿಲಿನಷ್ಟು ದಪ್ಪದ, ಎಲೆಯೊಂದೂ ಇಲ್ಲದ ಕಡ್ಡಿಗಳ ಕಟ್ಟುಗಳನ್ನು ಮೇಜಿನ ಮೇಲಿಟ್ಟು ನಾಲ್ಕಾರು ಮಂದಿ ತಗ್ಗಿದ ದನಿಯಲ್ಲಿ ವಾದಿಸುತ್ತಿರುವುದನ್ನು ಕಂಡ ದಾರಿಹೋಕನಿಗೆ ಇವರೇಕೆ ಸೌದೆಯ ಚೂರುಗಳಿಗಾಗಿ ಇಷ್ಟು ತಲೆಕೆಡಿಸಿಕೊಂಡಿದ್ದಾರೆಂದು ಸೋಜಿಗವಾದರೆ ಅದು ಅವನ ತಪ್ಪಲ್ಲ.

ಆ ವಾದಕ್ಕೆ ಕಾರಣವುಂಟು. ಅಪ್ಪೆಯ ಗೊರಟೆಯನ್ನಾಗಲಿ ಹಲಸಿನ ಬೀಜವನ್ನಾಗಲಿ ಬಿತ್ತಿ ಬೆಳೆಸಿದ ಗಿಡವು ತಾಯಿಯ ಗುಣವನ್ನೇ ತಳೆಯುವುದೆಂಬ ಭರವಸೆಯಿಲ್ಲ. ಪರಾಗವು ಯಾವ ಮರದಿಂದ ಬಂದಿತೋ ಬಲ್ಲವರಾರು? ಆದಕಾರಣ, ಯಾವುದೋ ಹೊಳೆಯಂಚಿನಲ್ಲಿ ಯಾರೂ ನೆಡದೆ ತಾನಾಗಿ ಹುಟ್ಟಿ, ವರ್ಷಗಟ್ಟಲೆ ಭರಣಿಯಲ್ಲಿಟ್ಟರೂ ಮೆತ್ತಗಾಗದ ಮಿಡಿಯನ್ನು ಕೊಡುವ ಮರವೊಂದು ಲೋಕದಲ್ಲಿ ಅದೊಂದೇ. ಅದರ ಕುಡಿಯನ್ನು ಬೇರೊಂದು ಸಸಿಯ ಮೇಲೆ ಕೂಡಿಸಿದ ಹೊರತು ಅದಕ್ಕೆ ಸಂತಾನವಿಲ್ಲ. ಅನಂತಭಟ್ಟನ ಅಪ್ಪೆಯೆಂಬ ತಳಿ ಇಂದು ಹಲವು ತೋಟಗಳಲ್ಲಿ ನಿಂತಿರುವುದು ಕಡ್ಡಿಯಿಂದ ಕಡ್ಡಿಗೆ ಸಾಗಿ ಬಂದ ಈ ಪರಂಪರೆಯಿಂದಲೇ.

ಒಳ್ಳೆಯ ಕಡ್ಡಿಯ ಲಕ್ಷಣವನ್ನು ಅರಿತವರು ಅದನ್ನು ಕೈಗೆತ್ತಿಕೊಳ್ಳುವ ರೀತಿಯೇ ಬೇರೆ. ಮೊದಲು ತುದಿಯ ಮೊಗ್ಗನ್ನು ನೋಡುತ್ತಾರೆ: ಅದು ಉಬ್ಬಿರಬೇಕು, ಆದರೆ ಒಡೆದಿರಬಾರದು. ಬಳಿಕ ಉಗುರಿನಿಂದ ತೊಗಟೆಯನ್ನು ತುಸುವೇ ಕೆರೆದು ಒಳಗಿನ ಹಸುರು ತೇವವಾಗಿದೆಯೇ ಎಂದು ಪರೀಕ್ಷಿಸಿ, ಕೊನೆಗೆ ಎಲೆ ಕತ್ತರಿಸಿದ ಜಾಗದ ತೊಟ್ಟನ್ನು ಮುಟ್ಟುತ್ತಾರೆ. ಬೆರಳು ತಾಗಿದೊಡನೆ ತೊಟ್ಟು ಕಳಚಿ ಬಿದ್ದರೆ ಕಡ್ಡಿ ಹದಕ್ಕೆ ಬಂದಿದೆಯೆಂದು ಅರ್ಥ. ಮರದಲ್ಲಿರುವಾಗಲೇ ವಾರ ಹತ್ತು ದಿನ ಮೊದಲು ಎಲೆಗಳನ್ನು ಸವರಿದರೆ ಮಾತ್ರ ಈ ಹದ ಒದಗುತ್ತದೆ. ಎಲೆಯಿಲ್ಲದ ರೆಂಬೆಯ ಸತ್ತ್ವವೆಲ್ಲ ಮೊಗ್ಗಿಗೆ ಸೇರುತ್ತದೆ. ಅಂತಹ ಕಡ್ಡಿಯನ್ನು ಮೂರು ನಾಲ್ಕು ದಿನಗಳೊಳಗೆ ಬೆಣೆಯಂತೆ ಹೆರೆದು, ಸೀಳಿದ ಸಸಿಯ ನಡುವೆ ಒಂದು ಪಕ್ಕದಲ್ಲಾದರೂ ತೊಗಟೆಗೆ ತೊಗಟೆ ಕೂಡುವಂತೆ ಇಟ್ಟು ಪಟ್ಟಿ ಸುತ್ತಿದರೆ, ಎರಡು ಮೂರು ವಾರಗಳಲ್ಲಿ ಚಿಗುರು ಕಾಣುತ್ತದೆ. ತಾಯಿಮರದ ಪ್ರೌಢತೆಯನ್ನು ಹೊತ್ತೇ ಬಂದ ಕುಡಿಯಾದ್ದರಿಂದ ಗೊರಟೆಯ ಗಿಡಕ್ಕಿಂತ ಎಷ್ಟೋ ವರ್ಷ ಮೊದಲೇ ಅದು ಹೂ ಬಿಡುತ್ತದೆ.

ಇಷ್ಟೆಲ್ಲ ಕುಶಲತೆಯಿದ್ದೂ ನಮ್ಮ ಕೂಟಗಳಲ್ಲಿ ಒಂದು ಕೊರತೆ ನನ್ನನ್ನು ಕಾಡುತ್ತದೆ. ಕಡ್ಡಿಯನ್ನು ಉದಾರವಾಗಿ ಕೊಡುವವರು ಅದರ ಕುಲಗೋತ್ರವನ್ನು ಕೊಡುವುದಿಲ್ಲ. "ಒಳ್ಳೆ ಜೀರಿಗೆ ಮಾರಾಯ್ರೇ, ತಗೊಂಡು ಹೋಗಿ" ಎಂದರೆ ಸಾಲದು. ಜೀರಿಗೆಯೆಂಬುದು ಒಂದು ಮರದ ಹೆಸರಲ್ಲ, ಪರಿಮಳದ ಹೆಸರು. ಆ ಪರಿಮಳವುಳ್ಳ ಮರಗಳಲ್ಲಿ ಹುಳಿಯೂ ಆಕಾರವೂ ತಾಳಿಕೆಯೂ ಬೇರೆ ಬೇರೆ. ತಾಯಿಮರದ ಊರನ್ನು ಬರೆದಿಡದ ಕಡ್ಡಿ ಎರಡು ಕೈ ದಾಟುವಷ್ಟರಲ್ಲಿ ಅನಾಥವಾಗುತ್ತದೆ.

ಗುಬ್ಬಿ ತಾಲ್ಲೂಕಿನ ಚೇಳೂರಿನ ಕೆಂಪು ತೊಳೆಯ ಹಲಸನ್ನು ನೋಡಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಒಂದೇ ಒಂದು ತಾಯಿಮರವನ್ನು ಗುರುತಿಸಿ, ಅದಕ್ಕೆ 'ಸಿದ್ದು' ಎಂದು ನಾಮಕರಣ ಮಾಡಿ, ಕಸಿಗಿಡಗಳ ಆದಾಯದಲ್ಲಿ ಶೇಕಡಾ 75ರಷ್ಟು ಮರದ ಒಡೆಯನಿಗೇ ಸಲ್ಲುವಂತೆ ಒಪ್ಪಂದ ಮಾಡಿಕೊಂಡಿತು. ವಿಳಾಸವಿದ್ದುದರಿಂದಲ್ಲವೇ ಆ ಗೌರವ? ಎಲ್ಲ ಕಡ್ಡಿಯೂ ಹಣಕ್ಕೇ ಹೋಗಬೇಕೆಂಬುದು ನನ್ನ ಮತವಲ್ಲ. ಉಚಿತ ವಿನಿಮಯದಲ್ಲಿ ಕೊಟ್ಟವನಿಗೆ ನಷ್ಟವಿಲ್ಲ, ಮೇಲಾಗಿ ರಕ್ಷಣೆಯುಂಟು: ಹೊಳೆ ದಡವನ್ನು ಕೊರೆದು ಮರ ಉರುಳಿದರೂ, ಮಿಡಿಯ ಆಸೆಗೆ ಕೊಂಬೆಗಳನ್ನೇ ಕಡಿದು ಮರವನ್ನು ಬೋಳಾಗಿಸಿದರೂ, ನೆರೆಯವನ ತೋಟದಿಂದ ಅದೇ ಮರ ಹಿಂದಿರುಗಿ ಬರುತ್ತದೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿರುವುದು ಸಂತೋಷವೇ; ಆದರೆ ಮಾನ್ಯತಾಪತ್ರವು ಉರುಳಿದ ಮರವನ್ನು ಎಬ್ಬಿಸಲಾರದು.

ಆದುದರಿಂದ ಈ ಸಲದ ಕೂಟಕ್ಕೆ ಕಡ್ಡಿ ತರುವ ಮಿತ್ರರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಎಲೆಗಳನ್ನು ಹತ್ತು ದಿನ ಮೊದಲೇ ಸವರಿಡಿ; ಪ್ರತಿ ಕಟ್ಟಿಗೂ ಒಂದು ಚೀಟಿ ಕಟ್ಟಿ, ಅದರಲ್ಲಿ ಮರದ ಹೆಸರು, ಊರು, ಹೊಳೆ, ಕಡ್ಡಿ ಕೊಯ್ದ ದಿನ ಇವಿಷ್ಟನ್ನು ಸೀಸದ ಕಡ್ಡಿಯಲ್ಲಿ ಬರೆಯಿರಿ. ಶಾಯಿ ಮಳೆಗೆ ನಿಲ್ಲುವುದಿಲ್ಲ.