ಬೆಂಕಿಗೆ ‘ಮೃಗ’ ಅಂತ ಹೆಸರಿಟ್ಟರೆ ಮುಗೀತಾ?

ಜಾನ್ ವೈಲಂಟ್ ಬರೆದ ‘ಫೈರ್ ವೆದರ್’ ಪುಸ್ತಕವನ್ನ ಥ್ರಿಲ್ಲರ್ ಥರ ಒಂದೇ ಉಸಿರಿಗೆ ಓದಬಹುದು. ಹಾಗೆ ಓದಿ ಮುಚ್ಚಿಟ್ಟರೆ ಮಾತ್ರ ಅರ್ಧ ಪುಸ್ತಕ ಕಳಕೊಂಡ ಹಾಗೆ. 2023ರಲ್ಲಿ ಬಂದ ಈ ಕೃತಿಗೆ ಅದೇ ವರ್ಷ ಬೈಲಿ ಗಿಫರ್ಡ್ ಪ್ರಶಸ್ತಿಯೂ ಸಿಕ್ಕಿತು.

ಕತೆ ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಫೋರ್ಟ್ ಮೆಕ್‌ಮರ್ರಿ ಊರಿನದು. ಸುತ್ತ ಕಾಡು, ಆಚೆಗೆ ಮರಳಿನಿಂದ ಡಾಂಬರಿನಂಥ ಎಣ್ಣೆ ತೆಗೆಯುವ ಗಣಿಗಳು. 2016ರ ಮೇ 3ರಂದು ಅಲ್ಲಿ ಬಿಸಿಲು 32 ಡಿಗ್ರಿ ದಾಟಿತ್ತು. ನಮಗದು ಮಾಮೂಲಿ, ಅಷ್ಟು ಉತ್ತರದ ಊರಿಗೆ ಅಲ್ಲ. ಎರಡು ದಿನ ಮುಂಚೆ ಕಾಡಲ್ಲಿ ಕಂಡ ಬೆಂಕಿ ಆ ಮಧ್ಯಾಹ್ನ ಊರೊಳಗೇ ನುಗ್ಗಿತು. ಸುಮಾರು 88,000 ಜನ ಮನೆ ಬಿಟ್ಟು ಹೊರಟರು. ಸುಮಾರು 2,400 ಕಟ್ಟಡ ಹಾಳಾದವು.

ಹವಾಮಾನ ಬದಲಾವಣೆಗೂ ಇದಕ್ಕೂ ಏನು ಸಂಬಂಧ? ವೈಲಂಟ್ ಬರವಣಿಗೆಯ ಬಲ ಇರೋದು ಇಲ್ಲೇ. ಗಾಳಿ ಬಿಸಿಯಾದಷ್ಟೂ ಮರ, ಹುಲ್ಲು, ಮಣ್ಣಿನಿಂದ ಹೆಚ್ಚು ತೇವ ಹೀರುತ್ತೆ. ಕಡ್ಡಿ ಗೀರೋದು ಯಾರೋ ಇರಬಹುದು, ಸಿಡಿಲೂ ಇರಬಹುದು. ಸೌದೆ ಒಣಗಿಸಿಡ್ತಿರೋದು ನಾವು ಬಿಟ್ಟ ಹೊಗೆ. ಹಳ್ಳಿಯಲ್ಲಿ ಒಲೆ ಊದಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಇನ್ನು ಮನೆಗಳು. ಗೋಡೆಗೆ ಹೊದಿಸಿದ ವಿನೈಲ್, ಸೋಫಾದೊಳಗಿನ ಫೋಮ್, ಕಾರ್ಪೆಟ್ಟು, ಎಲ್ಲ ಪೆಟ್ರೋಲಿಯಂನ ಮಕ್ಕಳೇ. ಕೆಲವು ಮನೆಗಳು ಐದೇ ನಿಮಿಷದಲ್ಲಿ ನೆಲಮಾಳಿಗೆವರೆಗೂ ಉರಿದುಹೋದವಂತೆ. ಎಣ್ಣೆ ತೆಗೆದ ಊರು ಎಣ್ಣೆಯ ಹಾಗೇ ಉರಿಯಿತು.

ನನ್ನ ತಕರಾರು ಒಂದೇ. ಈ ಬೆಂಕಿಗೆ ‘ಮೃಗ’ ಅಂತ ಹೆಸರಿಟ್ಟವರು ಅಲ್ಲಿನ ಅಗ್ನಿಶಾಮಕ ಮುಖ್ಯಸ್ಥರು. ಎದುರು ನಿಂತು ಹೋರಾಡಿದವರ ಬಾಯಲ್ಲಿ ಆ ಮಾತು ಸಹಜ. ಲೇಖಕರು ಅದನ್ನೇ ಬೆಳೆಸ್ತಾ ಹೋಗಿ ಬೆಂಕಿಗೆ ಹಸಿವು, ಆಸೆ ಎಲ್ಲ ಕೊಡ್ತಾರೆ. ಓದೋಕೆ ಚೆನ್ನ. ಆದರೆ ಮೃಗ ಅಂದಮೇಲೆ ಅದು ಹೊರಗಿನಿಂದ ಬಂದದ್ದು, ಓಡಿಸಿದರೆ ಮುಗೀತು. ಹಾಗಲ್ಲ ಅಂತ ಹೇಳೋಕೇ ತಾನೇ ಪುಸ್ತಕದಲ್ಲಿ ಎಣ್ಣೆಯ ಚರಿತ್ರೆ, ವಿಜ್ಞಾನದ ಚರಿತ್ರೆ ಇರೋದು? ಗೈ ಕ್ಯಾಲೆಂಡರ್ ಎಂಬ ಎಂಜಿನಿಯರ್ 1938ರಲ್ಲೇ ಹಳೇ ತಾಪಮಾನದ ಲೆಕ್ಕ ಹಾಕಿ, ಭೂಮಿ ಬಿಸಿಯಾಗ್ತಿರೋದಕ್ಕೂ ನಾವು ಸುಡೋ ಇಂಧನಕ್ಕೂ ನಂಟು ಹಾಕಿದ್ದ. ಬೋರ್ ಅಂತ ಈ ಪುಟಗಳನ್ನ ಹಾರಿಸಬೇಡಿ. ಪುಸ್ತಕದ ಜೀವ ಇರೋದೇ ಇಲ್ಲಿ.

ಯಾಕಂದ್ರೆ ಆ ಊರಿನವರು ನಮಗೆ ತೀರಾ ಅಪರಿಚಿತರಲ್ಲ. ಒಳ್ಳೆ ಸಂಬಳ ಅಂತ ದೂರದಿಂದ ಬಂದವರು, ಸಾಲ ಮಾಡಿ ಮನೆ ಕೊಂಡವರು. ಬೆಂಕಿ ಆರಿದ ಮೇಲೆ ಗಣಿಗಳು ಮತ್ತೆ ಶುರುವಾದವು, ಬಹಳ ಜನ ವಾಪಸ್ ಬಂದರು. ಕಂತು ಕಟ್ಟಬೇಕಲ್ಲ! ಬೈಯೋಕೆ ನನಗಂತೂ ಬಾಯಿ ಬರಲ್ಲ. ಊರು ಬಿಟ್ಟು ನಾವು ಬೆಂಗಳೂರಿಗೆ ಬಂದದ್ದೂ ಹೀಗೇ. ಮೃಗದ ಕತೆ ಈ ಇಕ್ಕಟ್ಟನ್ನ ಮರೆಸುತ್ತೆ, ಎಣ್ಣೆಯ ಕತೆ ನೆನಪಿಸುತ್ತೆ. ಎರಡನೇದಕ್ಕಾಗಿ ಈ ಪುಸ್ತಕ ಓದಿ.