ಭೂಪಟವೂ ಪಾಠವಿಮರ್ಶೆಯೂ: ಭಾತಂಬ್ರಾ ಪರಿಸರದ ಸ್ಥಳನಾಮಗಳು

ಗ್ರಾಮಚರಿತ್ರೆಯನ್ನು ಬರೆಯುವವರು ಭಾರತೀಯ ಸರ್ವೇಕ್ಷಣ ಇಲಾಖೆಯ, ಮೈಲಿಗೊಂದು ಅಂಗುಲದ ಹಳೆಯ ಭೂಪಟಗಳನ್ನು ಶಾಸನದಷ್ಟೇ ಪ್ರಮಾಣವೆಂದು ಭಾವಿಸುವುದುಂಟು. ಸ್ಥಾನನಿರ್ಣಯದ ಮಟ್ಟಿಗೆ ಈ ಭಾವನೆ ಯುಕ್ತವೇ. ಜಾರ್ಜ್ ಎವರೆಸ್ಟರು 1830ರ ಗ್ರಂಥದಲ್ಲಿ ವಿವರಿಸಿದ ಮಧ್ಯಾಹ್ನರೇಖೆಯ ಅಳತೆಯು ಬೀದರಿನ ಸಮೀಪದ ಠಾಣೆಯೊಂದರಿಂದ, 18 ಅಂಶ 3 ಕಲೆಗಳ ಅಕ್ಷಾಂಶದಿಂದ, ಉತ್ತರಕ್ಕೆ ಸಾಗುತ್ತದೆ. ಆದರೆ ರೋಮನ್ ಲಿಪಿಯಲ್ಲಿರುವ ಆ ಠಾಣೆಯ ಹೆಸರನ್ನು ದಾಮರಗಿದ್ದವೆಂದೂ ಓದಬಹುದು, ಡಾಮರಗಿಡ್ಡವೆಂದೂ ಓದಬಹುದು.

ದೋಷವಿರುವುದು ಇಲ್ಲಿಯೇ. ಇಲಾಖೆಯವರು ಅನುಸರಿಸಿದ ಹಂಟರ್ ಪದ್ಧತಿಯಲ್ಲಿ ತಕಾರ ಟಕಾರಗಳಿಗೆ ಒಂದೇ ಅಕ್ಷರ. ಲಕಾರ ಳಕಾರಗಳಿಗೂ ಒಂದೇ. ಭಾಲ್ಕಿ ತಾಲ್ಲೂಕಿನ ಕೋಟೆಯೂರಾದ ಭಾತಂಬ್ರಾ ಈ ಲಿಪಿಯಲ್ಲಿ ‘ಭಾಟಂಬ್ರಾ’ ಆಗಲೂಬಹುದು. ಹೀಗಿರಲು ಪಟವೊಂದನ್ನೇ ನಂಬಿ, ಈ ಹೆಸರು ಕನ್ನಡದ್ದು, ಆ ಹೆಸರು ಮರಾಠಿಯದು ಎಂದು ನಿರ್ಣಯಿಸುವುದು ಸಾಹಸವೇ ಸರಿ. 1956ರಲ್ಲಿ ಭಾಲ್ಕಿ, ಔರಾದಗಳು ಮೈಸೂರಿಗೂ ಉದಗೀರ, ನಿಲಂಗಾಗಳು ಮುಂಬಯಿಗೂ ಸೇರಿದ ಸೀಮೆಯಲ್ಲಿ ಇಂಥ ನಿರ್ಣಯವು ಕೇವಲ ಶಬ್ದವಿನೋದವಾಗಿ ಉಳಿಯದು. ಊರೊಂದರ ಪೂರ್ವಿಕರು ಯಾರೆಂಬ ವಾದಕ್ಕೆ ಅದೇ ಆಧಾರವಾಗುತ್ತದೆ.

ಪರಿಹಾರವು ಪಾಠಾಂತರಗಳ ತುಲನೆಯಲ್ಲಿದೆ. ನಿಜಾಮರ ಆಡಳಿತಭಾಷೆಯಾಗಿದ್ದ ಉರ್ದುವಿನ ಬರಹವು ಸಾಮಾನ್ಯವಾಗಿ ಹ್ರಸ್ವಸ್ವರಗಳನ್ನು ಬಿಟ್ಟರೂ ತ, ಟಗಳನ್ನು ಬೇರ್ಪಡಿಸುತ್ತದೆ. ಮರಾಠಿಯ ಬರಹವು ಳಕಾರವನ್ನು ಉಳಿಸುತ್ತದೆ. ಎ ಏ, ಒ ಓ ಎಂಬ ಭೇದವಾದರೋ ಇವುಗಳಲ್ಲಿ ಕನ್ನಡದ ಬರಹಕ್ಕೆ ಮಾತ್ರ ಉಂಟು. ಹಸ್ತಪ್ರತಿಗಳ ಸಂಪಾದಕನು ಒಂದೇ ಪ್ರತಿಯನ್ನು ನಂಬದಿರುವಂತೆ, ಸ್ಥಳನಾಮದ ಸಂಶೋಧಕನೂ ಈ ಲಿಪಿಗಳನ್ನೂ ಊರವರ ಉಚ್ಚಾರಣೆಯನ್ನೂ ಕೂಡಿಸಿ ನೋಡಬೇಕು. ಭೂಪಟದಿಂದ ಊರಿನ ನೆಲೆಯನ್ನು ಸ್ವೀಕರಿಸಬಹುದು. ಹೆಸರನ್ನು ಮಾತ್ರ ಪರೀಕ್ಷಿಸಿಯೇ ಸ್ವೀಕರಿಸಬೇಕು.